ಬೀಜದ ಜೋಳ ಮತ್ತು ಟ್ಯಾಬ್ಲೆಟ್‌ನ ಜಾಗ



ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಗೆ ದಾನಿಯೊಬ್ಬರು ಒಂದು ವಿಂಡೋಸ್ ಟ್ಯಾಬ್ಲೆಟ್ ಕೊಟ್ಟಿದ್ದರು. ಡಬ್ಬಿಯ ಮೇಲೆ 32 ಜಿಬಿ ಎಂದಿತ್ತು. ಮೊದಲ ದಿನವೇ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಸರ, ಇದರಾಗ ಹತ್ತು ಜಿಬಿ ಸೈತ ಖಾಲಿ ಇಲ್ರಿ. ಉಳಿದದ್ದು ಎಲ್ಲಿ ಹೋತ್ರಿ?" ಉತ್ತರ ನನಗೂ ಗೊತ್ತಿರಲಿಲ್ಲ.

ಆಮೇಲೆ ತಿಳಿದುಕೊಂಡ ಲೆಕ್ಕ ಹೀಗಿದೆ. ತಯಾರಕರು 100 ಕೋಟಿ ಬೈಟ್‌ಗೆ ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ 107 ಕೋಟಿ ಚಿಲ್ಲರೆ ಬೈಟ್‌ಗೆ ಒಂದು ಜಿಬಿ ಎಂದು ಎಣಿಸುತ್ತದೆ. ಹಾಗಾಗಿ 32 ಇದ್ದದ್ದು ತೆರೆಯ ಮೇಲೆ 29.8 ಆಗುತ್ತದೆ. ಅಲ್ಲಿ ಮೋಸವಿಲ್ಲ, ಅಳೆಯುವ ಸೇರು ಬೇರೆ ಅಷ್ಟೆ. ಅದರಲ್ಲಿ ದೊಡ್ಡ ಪಾಲು ವಿಂಡೋಸ್‌ಗೇ ಹೋಗುತ್ತದೆ. ಇನ್ನೊಂದು ಪಾಲನ್ನು ಪ್ರತ್ಯೇಕವಾಗಿ ಮುಚ್ಚಿ ಇಟ್ಟಿರುತ್ತಾರೆ. ಅದೇ ರಿಕವರಿ ಪಾರ್ಟಿಷನ್. ವಿಂಡೋಸ್ ಕೆಟ್ಟರೆ ಸರಿಪಡಿಸಲು ಬೇಕಾದದ್ದು ಅಲ್ಲಿರುತ್ತದೆ.

ಇದು ಅಗ್ಗದ ಟ್ಯಾಬ್ಲೆಟ್‌ಗಳ ಕಥೆ ಮಾತ್ರವಲ್ಲ. 2013ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊದ 64 ಜಿಬಿ ಮಾದರಿಯಲ್ಲಿ ಬಳಕೆಗೆ ಸಿಗುವುದು ಸುಮಾರು 23 ಜಿಬಿ ಎಂದು ಕಂಪನಿಯೇ ಆಗ ಹೇಳಿತ್ತು.

ನಮ್ಮ ಟ್ಯಾಬ್ಲೆಟ್ ತುಂಬಿದಾಗ ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ "ಈ ಪಾರ್ಟಿಷನ್ ಸುಮ್ನೆ ಜಾಗಾ ತಿಂತದ್ರಿ ಸರ" ಎಂದು ಅಳಿಸಿಬಿಟ್ಟ. ಒಂದಿಷ್ಟು ಜಾಗ ಸಿಕ್ಕಿತು, ಖುಷಿಪಟ್ಟೆ. ಕೆಲವು ತಿಂಗಳ ಮೇಲೆ ಅಪ್ಡೇಟ್ ನಡುವೆ ಚಾರ್ಜ್ ಮುಗಿದು ವಿಂಡೋಸ್ ಏಳಲೇ ಇಲ್ಲ. ಸರಿಪಡಿಸುವ ಸಾಮಗ್ರಿಯನ್ನು ನಾವೇ ಅಳಿಸಿದ್ದೆವಲ್ಲ! ಎಲ್ಲವನ್ನೂ ಒರೆಸಿ ಹೊಸದಾಗಿ ಹಾಕಬೇಕಾಯಿತು. ಮಕ್ಕಳು ಮನೆಮನೆಗೆ ಹೋಗಿ ರೆಕಾರ್ಡ್ ಮಾಡಿದ್ದ ಅಜ್ಜಿಯರ ಬೀಸುವ ಪದಗಳೂ ಹೋದವು. ಹಾಡಿದವರಲ್ಲಿ ಒಬ್ಬ ಅಜ್ಜಿ ಈಗ ಇಲ್ಲ.

ಎಷ್ಟೇ ಬರ ಬಂದರೂ ನಮ್ಮ ರೈತ ಬೀಜದ ಜೋಳ ಬೀಸಿ ರೊಟ್ಟಿ ಮಾಡುವುದಿಲ್ಲ. ರಿಕವರಿ ಪಾರ್ಟಿಷನ್ ಅಂಥ ಬೀಜ. ಜಾಗ ತೀರಾ ಕಡಿಮೆಯಿದ್ದರೆ ತೆಗೆಯಲೇಬಾರದು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಮೊದಲು 16 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಮಾಡಿಕೊಳ್ಳಿ. ಈ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಸಿಸ್ಟಮ್ ಫೈಲ್‌ಗಳನ್ನೂ ಸೇರಿಸುವ ಗುರುತು ಹಾಕಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಆ ಬೀಜದಿಂದ ಬೆಳೆಯುವುದು ವಿಂಡೋಸ್ ಮಾತ್ರ, ನಮ್ಮ ಮಕ್ಕಳ ಕೆಲಸವಲ್ಲ. ರಿಕವರಿ ಡ್ರೈವ್‌ನಲ್ಲಿ ನಮ್ಮ ಹಾಡು, ಫೋಟೋ ಯಾವುದೂ ಇರುವುದಿಲ್ಲ. ಅವುಗಳ ಪ್ರತಿಯನ್ನು ಬೇರೆಯೇ ಇಡಬೇಕು. ನಾನು ಇಟ್ಟಿರಲಿಲ್ಲ. ಅಂಗಡಿಯ ಹುಡುಗನ ತಪ್ಪು ಅರ್ಧ, ನನ್ನದು ಪೂರ್ತಿ.

ಡಬ್ಬಿಯ ಮೇಲೆ "ಬಳಕೆಗೆ ಸಿಗುವ ಜಾಗ ಇಷ್ಟು" ಎಂದು ದೊಡ್ಡಕ್ಷರದಲ್ಲಿ ಬರೆಯುವಂತಾಗಬೇಕು ಎಂಬುದು ನನ್ನ ಅನಿಸಿಕೆ. ಅಲ್ಲಿಯವರೆಗೆ ಶಾಲೆಗೆ ಯಾರಾದರೂ ಟ್ಯಾಬ್ಲೆಟ್ ಕೊಡಲು ಬಂದರೆ ಸಂಕೋಚ ಬಿಟ್ಟು ಕೇಳಿ: "ಖಾಲಿ ಎಷ್ಟು ಅದರಿ?" ಗಡಿಯಾಚೆಯ ನಮ್ಮ ಶಾಲೆಗಳಿಗೆ ಸಿಗುವುದೇ ಕಡಿಮೆ. ಸಿಕ್ಕದ್ದನ್ನಾದರೂ ಕಳೆದುಕೊಳ್ಳದಿರೋಣ.

ನೀವೇನಂತೀರಿ?