ಶೇಕಡಾ ೪.೫ ಎಂಬ ಒಂದು ಅಂಕಿ

ಅರ್ಥಶಾಸ್ತ್ರವನ್ನು ಆರಿಸಿಕೊಂಡ ನಮ್ಮಂಥವರಿಗೆ ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಕಾದಿರುತ್ತದೆ: “ಬರುವ ವರ್ಷ ಬೆಲೆ ಏರುವುದೊ, ಇಳಿಯುವುದೊ?” ಓದಿದವನು ಯುಗಾದಿಯ ಪಂಚಾಂಗದಂತೆ, ಇಷ್ಟು ಕೊಳಗ ಮಳೆ, ಇಷ್ಟು ಬೆಳೆ ಎಂದು ಥಟ್ಟನೆ ಹೇಳಿಬಿಡಬೇಕೆಂದು ಹಿರಿಯರ ಅಪೇಕ್ಷೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ದೊಡ್ಡ ಸಂಸ್ಥೆಗಳ ಅಂಕಿಗಳೂ ಜನರ ಕಿವಿಗೆ ಹಾಗೆಯೇ ಬೀಳುತ್ತವೆ.

೨೦೨೨ರ ಫೆಬ್ರವರಿ ೧೦ರಂದು ರಿಜರ್ವ್ ಬ್ಯಾಂಕು, ೨೦೨೨-೨೩ರಲ್ಲಿ ಹಣದುಬ್ಬರವು ಶೇಕಡಾ ೪.೫ರಷ್ಟಿರುವುದೆಂದು ಅಂದಾಜು ಮಾಡಿತು. ಅದು ಮೇಲಕ್ಕೆ ಅಥವಾ ಕೆಳಕ್ಕೆ ಹೋಗುವ ಸಂಭವಗಳು ಬಹುಮಟ್ಟಿಗೆ ಸಮತೂಕದಲ್ಲಿವೆ ಎಂದೂ ಹೇಳಿತು. ಅದೇ ತಿಂಗಳ ೨೪ರಂದು ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಏಪ್ರಿಲಿನಲ್ಲಿ ಅಂದಾಜು ೫.೭ ಆಯಿತು, ಜೂನಿನಲ್ಲಿ ೬.೭. ಕಡೆಗೆ ನಿಜವಾಗಿ ಬಂದದ್ದೂ ಸುಮಾರು ಅಷ್ಟೇ. ರೆಪೊ ದರವಂತೂ ೨೦೨೩ರ ಫೆಬ್ರವರಿಯ ಹೊತ್ತಿಗೆ ೪ರಿಂದ ೬.೫ಕ್ಕೆ ಏರಿತ್ತು. ಮೊದಲಿನ ಅಂಕಿಯನ್ನು ನಂಬಿ, ಬಡ್ಡಿ ಬದಲಾಗುವ ಕರಾರಿನ ಮೇಲೆ ಮನೆ ಕಟ್ಟಲು ಸಾಲ ತಂದವನ ಪಾಡನ್ನು ವಾಚಕರೇ ಊಹಿಸಬಹುದು.

ಯುದ್ಧವನ್ನು ಮುಂಗಾಣಲಿಲ್ಲವೆಂದು ಬ್ಯಾಂಕನ್ನು ದೂರುವುದು ಅನ್ಯಾಯ. ನನ್ನ ಆಕ್ಷೇಪಣೆ ಬೇರೆ. “ಸಮತೂಕ” ಎಂಬ ಮಾತು ತಕ್ಕಡಿ ಯಾವ ಕಡೆಗೂ ವಾಲಿಲ್ಲವೆಂದು ಹೇಳುತ್ತದೆಯೇ ಹೊರತು, ಅದು ಎಷ್ಟು ತೂಗಾಡಬಹುದೆಂಬುದನ್ನು ಹೇಳುವುದಿಲ್ಲ. ನಮ್ಮ ಹವಾಮಾನ ಇಲಾಖೆಯವರು ೨೦೨೩ರ ಮುಂಗಾರಿಗೆ ಮೊದಲು ವಾಡಿಕೆಯ ಶೇಕಡಾ ೯೬ರಷ್ಟು ಮಳೆ ಎಂದಾಗ, ಅದರ ಬೆನ್ನಿಗೇ ೫ ಹೆಚ್ಚು ಅಥವಾ ೫ ಕಡಿಮೆ ಎಂದೂ ಸೇರಿಸಿದ್ದರು, ಬಂದದ್ದು ೯೪.

ಬ್ಯಾಂಕಿನವರಿಗೆ ಈ ವಿದ್ಯೆ ತಿಳಿಯದೆಂದಲ್ಲ. ಇಂಗ್ಲೆಂಡಿನ ಕೇಂದ್ರ ಬ್ಯಾಂಕು ೧೯೯೬ರಲ್ಲಿಯೇ ಬೀಸಣಿಗೆಯಾಕಾರದ ನಕ್ಷೆಯನ್ನು ಪ್ರಕಟಿಸತೊಡಗಿತು. ಕಾಲ ದೂರ ಸರಿದಷ್ಟೂ ಬೀಸಣಿಗೆ ಅಗಲವಾಗುತ್ತದೆ. ನಮ್ಮ ರಿಜರ್ವ್ ಬ್ಯಾಂಕೂ ನೂರಕ್ಕೆ ೫೦, ೭೦, ೯೦ರ ಸಂಭವವನ್ನು ತೋರಿಸುವ ಅಂಥ ನಕ್ಷೆಗಳನ್ನು ಅಚ್ಚು ಹಾಕಿಸಿದೆ. ಆದರೆ ಪತ್ರಿಕೆಯ ಮೊದಲ ಪುಟಕ್ಕೆ ಬರುವುದು ನಡುವಿನ ಒಂದು ಅಂಕಿ ಮಾತ್ರ. ಈ ಬೀಸಣಿಗೆಯ ಗಾಳಿ ನಮ್ಮ ಹಳ್ಳಿಯ ಕಡೆಗೆ ಬೀಸಿದ್ದೇ ಇಲ್ಲ!

೨೦೨೪ರಲ್ಲಿ ಬೆನ್ ಬರ್ನಾಂಕೆಯವರು ಇಂಗ್ಲೆಂಡಿನ ಬ್ಯಾಂಕಿಗೆ ಕೊಟ್ಟ ವರದಿಯಲ್ಲಿ, ಬೀಸಣಿಗೆಯನ್ನು ಕೈಬಿಟ್ಟು, ಹೀಗಾದರೆ ಹೀಗೆ ಎಂದು ಬೇರೆ ಬೇರೆ ಸನ್ನಿವೇಶಗಳನ್ನು ವಿವರಿಸುವುದು ಲೇಸೆಂದು ಸೂಚಿಸಿದರು. ಇದು ನನಗೆ ಪೂರ್ಣ ಒಪ್ಪಿಗೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆಯವರಿಗೆ ಸಂಭವನೀಯತೆಯ ಗಣಿತ ತಿಳಿಯದು. ಆದರೆ ಮಳೆ ಬಂದರೆ ಇಷ್ಟು ಸಾಲ, ಬಾರದಿದ್ದರೆ ಇಷ್ಟೇ ಎಂದು ಬಿತ್ತನೆಗೆ ಮೊದಲು ಅವರು ಹಾಕುವ ಲೆಕ್ಕ ಇದೇ ಜಾತಿಯದು. ಕಚ್ಚಾ ಎಣ್ಣೆಯ ಬೆಲೆ ಏರಿದರೆ ಬಡ್ಡಿ ಏನಾದೀತು, ಏರದಿದ್ದರೆ ಏನು ಎಂಬುದನ್ನು ಪ್ರತಿ ಸಲವೂ ಕನ್ನಡದಲ್ಲಿ ಒಂದೇ ಪುಟದಲ್ಲಿ ಅಚ್ಚು ಹಾಕಿ ಸಹಕಾರ ಸಂಘದ ಗೋಡೆಗೆ ಅಂಟಿಸಲಿ. ಅದನ್ನು ಓದಿ ಹೇಳುವ ಕೆಲಸಕ್ಕೆ ನಮ್ಮಂಥ ಪದವೀಧರರು ಈಗ ಊರೂರಿನಲ್ಲೂ ಇದ್ದೇವೆ.