ಮಸಿ ಹಿಡಿಯದ ಆನೋಡ್ ಕೊಡಿ, ಆಮೇಲೆ ಹೈಡ್ರೋಜನ್ ಭಾಷಣ

ಕರೆಂಟ್ ಕಥೆ | ಭಾಗ 4

ಫೋಟೋದಲ್ಲಿರೋದು ಸತ್ತೇಗಾಲದ ಒಂದು ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿ. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟ್ ಹುಟ್ಟಿತು. ಹುಟ್ಟಿದ್ದು ಇಲ್ಲಿ, ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಈಗ ಯಾರಾದ್ರೂ "ಫ್ಯೂಯಲ್ ಸೆಲ್ ಅಂದ್ರೆ ಹೈಡ್ರೋಜನ್, ಹಳ್ಳಿಗೆ ಯಾಕೆ?" ಅಂದ್ರೆ ರೇಗುತ್ತೆ.

ಸಾಲಿಡ್ ಆಕ್ಸೈಡ್ ಫ್ಯೂಯಲ್ ಸೆಲ್‌ಗೆ ಹೈಡ್ರೋಜನ್ನೇ ಬೇಕು ಅಂತಿಲ್ಲ ಸ್ವಾಮಿ. 700–800 ಡಿಗ್ರಿಯಲ್ಲಿ ಕೆಲಸ ಮಾಡೋ ಈ ಪಿಂಗಾಣಿ ಬಿಲ್ಲೆಗೆ ಮೀಥೇನ್ ಕೂಡ ಆಗುತ್ತೆ. ಗೋಬರ್ ಗ್ಯಾಸಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನೇ. ಒಂದು ಘನ ಮೀಟರ್ ಗ್ಯಾಸಲ್ಲಿ ಸುಮಾರು 6 ಯೂನಿಟ್ ಶಕ್ತಿ ಇದೆ. ಸಣ್ಣ ಎಂಜಿನ್‌ನಲ್ಲಿ ಉರಿಸಿದರೆ ಒಂದೂವರೆ ಯೂನಿಟ್ ಕರೆಂಟ್ ಸಿಕ್ಕರೆ ಪುಣ್ಯ. ಸೆಲ್ 3 ಯೂನಿಟ್ ಕೊಡಬಲ್ಲದು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಐಐಎಸ್‌ಸಿಯ ಅಸ್ತ್ರ ತಂಡ 1987ರಲ್ಲೇ ಸಗಣಿ ಗ್ಯಾಸಿಂದ ಊರಿಗೆ ದೀಪ ಹಚ್ಚಿತ್ತು, ಅದೂ ಡೀಸೆಲ್ ಬೆರೆಸಿ ಓಡಿಸೋ ಎಂಜಿನ್‌ನಲ್ಲಿ.

ಮತ್ತೆ ಸೆಲ್ ಯಾಕೆ ಬಂದಿಲ್ಲ? ಆನೋಡ್ ಕೈಕೊಡುತ್ತೆ. ಗ್ಯಾಸ್ ಬಂದು ತಾಗುವ ಪದರ ಅದು; ನಿಕ್ಕಲ್ ಮತ್ತು ಜಿರ್ಕೋನಿಯಾ ಬೆರೆಸಿ ಮಾಡ್ತಾರೆ. ನಿಕ್ಕಲ್ ಅಗ್ಗ, ಚುರುಕು. ಆದರೆ ಮೀಥೇನನ್ನ ಒಡೆದು ಇಂಗಾಲವನ್ನ ಮೈಮೇಲೇ ಉಳಿಸಿಕೊಳ್ಳುತ್ತೆ. ಸೌದೆ ಒಲೆ ಪಾತ್ರೆಯ ತಳ ನೋಡಿದ್ದೀರಲ್ಲ, ಆ ಥರ ಮಸಿ. ಪಾತ್ರೆಯನ್ನಾದ್ರೆ ಉಜ್ಜಬಹುದು, ಇಲ್ಲಿ ಇಂಗಾಲ ಬೆಳೆದು ಪದರವನ್ನೇ ಸೀಳುತ್ತೆ. ಹಬೆ ಬೆರೆಸಿದರೆ ಮಸಿ ಕಡಿಮೆ, ಆದರೆ ಶುದ್ಧ ನೀರು, ಬಾಯ್ಲರು, ಖರ್ಚು. ಸಾಲದ್ದಕ್ಕೆ ಸಗಣಿ ಗ್ಯಾಸಿನ ಕೊಳೆತ ಮೊಟ್ಟೆ ವಾಸನೆ ಇದೆಯಲ್ಲ, ಆ ಹೈಡ್ರೋಜನ್ ಸಲ್ಫೈಡ್ ನಿಕ್ಕಲ್‌ಗೆ ವಿಷ.

ದಾರಿ ಇಲ್ಲ ಅನ್ನಬೇಡಿ. 2000ದಲ್ಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ನಿಕ್ಕಲ್ ಬಿಟ್ಟು ತಾಮ್ರ ಮತ್ತು ಸೀರಿಯಾ ಹಾಕಿ ಸೆಲ್‌ಗೆ ನೇರವಾಗಿ ಮೀಥೇನ್ ಉಣಿಸಿದರು. ತಾಮ್ರಕ್ಕೆ ಮಸಿ ಹಿಡಿಯಲ್ಲ. ಆದರೆ ಬಿಸಿ ಹೆಚ್ಚಾದರೆ ಕಣಗಳು ಗಂಟುಕಟ್ಟುತ್ತವೆ. 2006ರಲ್ಲಿ ಗುಡ್‌ಇನಫ್ ತಂಡ (ಹೌದು, ಲಿಥಿಯಂ ಬ್ಯಾಟರಿಗೆ ನೊಬೆಲ್ ಪಡೆದವರೇ) ಸ್ಟ್ರಾಂಷಿಯಂ, ಮೆಗ್ನೀಸಿಯಂ, ಮಾಲಿಬ್ಡಿನಂ ಸೇರಿದ ಆಕ್ಸೈಡ್ ತಂದಿತು. ಅದು ಗಂಧಕವನ್ನೂ ತಾಳಿಕೊಳ್ಳುತ್ತೆ.

ನನ್ನ ತಕರಾರು ಇಷ್ಟೇ. 2023ರಲ್ಲಿ ಕೇಂದ್ರ ಸರ್ಕಾರ ಗ್ರೀನ್ ಹೈಡ್ರೋಜನ್ ಮಿಷನ್‌ಗೆ ಇಟ್ಟಿದ್ದು 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆ ಬರೀ 400 ಕೋಟಿ. ಗೋಬರ್ ಗ್ಯಾಸ್ ತಡೆಯೋ ಆನೋಡ್‌ಗೆ ಎಷ್ಟು ಅಂತ ನಿಮ್ಮ ಎಂಪಿಯನ್ನ ಕೇಳಿ. ಲ್ಯಾಬಿನವರಿಗೂ ಒಂದು ಮಾತು: ಸಿಲಿಂಡರಿನ ಶುದ್ಧ ಮೀಥೇನ್ ಕೊಟ್ಟು ನೂರು ಗಂಟೆ ಓಡಿಸಿ ಗ್ರಾಫ್ ತೋರಿಸಿದರೆ ಸಾಲದು. ನಮ್ಮ ಗುಂಡಿಯ ಗ್ಯಾಸನ್ನೇ, ವಾಸನೆ ಸಮೇತ, ಸಾವಿರಾರು ಗಂಟೆ ಕುಡಿಸಿ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ಬಿರುಕು ಬಿಡುತ್ತಾ, ಅದನ್ನೂ ಬರೀರಿ.

ಭಾಗ 5ರಲ್ಲಿ: ಕಬ್ಬಿಣದ ತುಕ್ಕಲ್ಲಿ ಗಂಧಕ ಸೋಸೋದು ಹೇಗೆ 👉

#ಸತ್ತೇಗಾಲ #ಕೊಳ್ಳೇಗಾಲ #ಗೋಬರ್‌ಗ್ಯಾಸ್ #ಕರೆಂಟ್‌ಕಥೆ