ಸೈಲೆನ್ಸರ್ ಹಾಕಿದರೆ ಕೋವಿ ಸದ್ದೇ ಮಾಡುವುದಿಲ್ಲವೇ? ಸಿನಿಮಾ ಹೇಳುವುದೇನು, ವಿಜ್ಞಾನ ಮತ್ತು ಕಾನೂನು ಹೇಳುವುದೇನು?

ಹೀರೋ ಪಿಸ್ತೂಲಿನ ತುದಿಗೆ ಕೊಳವೆಯೊಂದನ್ನು ತಿರುಗಿಸಿ ಕೂರಿಸುತ್ತಾನೆ. 'ಪುಸ್ಕ್' ಎಂಬ ಸಣ್ಣ ಸದ್ದು, ಎದುರಿಗಿದ್ದವನು ಕುಸಿಯುತ್ತಾನೆ. ಪಕ್ಕದ ಕೋಣೆಯವರಿಗೂ ಗೊತ್ತಾಗುವುದಿಲ್ಲ. ಇಂಥ ದೃಶ್ಯಗಳ ಜೊತೆಗೆ ಈಗ ವಿದೇಶಿ ರೈಫಲ್‌ಗಳ ರೀಲ್ಸ್‌ಗಳೂ ಫೋನಿಗೆ ಬರುತ್ತಿವೆ. ಗಿಡ್ಡ ನಳಿಗೆ, ಉದ್ದ ಸೈಲೆನ್ಸರ್, 'ಗ್ಯಾಸ್ ಟ್ಯೂನಿಂಗ್' ಎಂಬ ಮಾತು.

ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರ ಕಾಡಿನ ಅಂಚಿನಲ್ಲಿ ಹೊಲ ಇರುವವರಿಗೆ ಆನೆ, ಹಂದಿ, ಹುಲಿಯ ಭಯ ದಿನನಿತ್ಯದ್ದು. ತಿ.ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯ ಹೊತ್ತಿಗೆ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಇಂಥ ಊರುಗಳಲ್ಲಿ 'ಸದ್ದಿಲ್ಲದೆ ಹೊಡೆಯಬಹುದು' ಎಂಬ ನಂಬಿಕೆ ಬರೀ ಮನರಂಜನೆಯಾಗಿ ಉಳಿಯುವುದಿಲ್ಲ. ಹಾಗಾಗಿ ಈ ನಂಬಿಕೆ ಎಷ್ಟು ನಿಜ ಎಂದು ನೋಡೋಣ.

ಕೋವಿಯ ಸದ್ದು ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಎರಡು ಕಡೆಯಿಂದ. ಮೊದಲನೆಯದು ಮದ್ದಿನ ಅನಿಲ. ತೋಟಾದೊಳಗಿನ ಮದ್ದು ಉರಿದಾಗ ರೈಫಲ್ ನಳಿಗೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ 3,000 ಪಟ್ಟನ್ನೂ ಮೀರುತ್ತದೆ. ಗುಂಡು ಬಾಯಿ ದಾಟಿದ ಕೂಡಲೇ ಆ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ. ಸೋಡಾ ಬಾಟಲಿಯ ಮುಚ್ಚಳವನ್ನು ತಟ್ಟನೆ ತೆಗೆದಂತೆ.

ಎರಡನೆಯದು ಗುಂಡಿನ ವೇಗ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಇನ್ಸಾಸ್‌ನಂಥ ರೈಫಲ್‌ನ ಗುಂಡು ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದವನ್ನೇ ಹಿಂದೆ ಹಾಕುವ ಗುಂಡು ದಾರಿಯುದ್ದಕ್ಕೂ 'ಚಟಾರ್' ಎಂಬ ಸದ್ದು ಮಾಡುತ್ತಾ ಹೋಗುತ್ತದೆ.

ಸೈಲೆನ್ಸರ್ ಏನು ಮಾಡುತ್ತದೆ?

ಒಳಗೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಅನಿಲ ಅವುಗಳಲ್ಲಿ ಹಿಗ್ಗಿ, ತಣಿದು, ನಿಧಾನವಾಗಿ ಹೊರಬರುತ್ತದೆ. ಸೋಡಾ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದಂತೆ. ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರ ತಂದೆ ಮ್ಯಾಕ್ಸಿಮ್ ಮೆಷಿನ್ ಗನ್ ಕಂಡುಹಿಡಿದವರು. ಮಗ ಇದೇ ತತ್ವವನ್ನು ಎಂಜಿನ್‌ಗಳ ಸದ್ದಡಗಿಸಲೂ ಬಳಸಿದರು. ನಮ್ಮ ಬೈಕಿನ ಸೈಲೆನ್ಸರ್ ಕೂಡ ಅದೇ ಬಳಗದ್ದು. ಒಳಗಿನ ತಡೆ ತೆಗೆಸಿದ ಬುಲೆಟ್ ಬೀದಿ ನಡುಗಿಸುವುದು ಏಕೆಂದು ಈಗ ಗೊತ್ತಾಗಿರಬೇಕು.

ಆದರೆ ಸೈಲೆನ್ಸರ್ ಅಡಗಿಸುವುದು ಮೊದಲ ಸದ್ದನ್ನು ಮಾತ್ರ. ಗುಂಡಿನ ವೇಗದಿಂದ ಬರುವ 'ಚಟಾರ್' ಹಾಗೇ ಉಳಿಯುತ್ತದೆ. ರೈಫಲ್ ಸದ್ದು ಸಾಮಾನ್ಯವಾಗಿ 160 ಡೆಸಿಬಲ್‌ನ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬಲ್ ಕಡಿಮೆ ಮಾಡಬಲ್ಲದು. ಉಳಿಯುವುದು ಪಿಸುಮಾತಲ್ಲ, ದೊಡ್ಡ ಪಟಾಕಿಯ ಮಟ್ಟದ ಸದ್ದು. ಒಂದೇ ಹೊಡೆತದ ಸದ್ದು 140 ಡೆಸಿಬಲ್ ದಾಟಿದರೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದಲೇ ಹಲವು ದೇಶಗಳಲ್ಲಿ ಸೈಲೆನ್ಸರನ್ನು ಕಿವಿ ಉಳಿಸುವ ಸಾಧನವಾಗಿ ನೋಡುತ್ತಾರೆ, ಸದ್ದಿಲ್ಲದೆ ಕೊಲ್ಲುವ ಮಾಯಾಯಂತ್ರವಾಗಿ ಅಲ್ಲ.

'ಗ್ಯಾಸ್ ಟ್ಯೂನಿಂಗ್' ಎಂದರೇನು?

ಎಕೆ-47, ಇನ್ಸಾಸ್ ಬಗೆಯ ರೈಫಲ್‌ಗಳಲ್ಲಿ ನಳಿಗೆಗೆ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಸ್ವಲ್ಪ ಅನಿಲ ಹಿಂದಕ್ಕೆ ಬಂದು ಯಂತ್ರವನ್ನು ತಳ್ಳುತ್ತದೆ. ಖಾಲಿ ತೋಟಾ ಹೊರಬಿದ್ದು ಹೊಸದು ಒಳಬರುತ್ತದೆ. ಅನಿಲ ಕಡಿಮೆಯಾದರೆ ಯಂತ್ರ ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚಾದರೆ ಜೋರಾಗಿ ಬಡಿದು ಬಿಡಿಭಾಗಗಳು ಬೇಗ ಸವೆಯುತ್ತವೆ.

ನಳಿಗೆ ಗಿಡ್ಡವಾದಷ್ಟೂ ರಂಧ್ರ ಹೆಚ್ಚು ಒತ್ತಡವಿರುವ ಜಾಗಕ್ಕೆ ಹತ್ತಿರವಾಗುತ್ತದೆ. ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಬೀಳುವುದರಿಂದ ಸದ್ದು, ಬೆಂಕಿ ಎರಡೂ ಹೆಚ್ಚು. ಮೇಲೆ ಸೈಲೆನ್ಸರ್ ಕೂತರೆ ಅನಿಲ ಬೇಗ ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ, ಹೊಗೆ ಹೊಡೆಯುವವನ ಕಣ್ಣು, ಮೂಗಿಗೇ ಬಡಿಯುತ್ತದೆ. ಈ ಲೆಕ್ಕ ಸರಿದೂಗಿಸುವುದೇ ಟ್ಯೂನಿಂಗ್. ನಮ್ಮ ಸೈನ್ಯ ದಶಕಗಳ ಕಾಲ ಬಳಸಿದ, ಇಶಾಪುರದಲ್ಲಿ ತಯಾರಾದ ಎಸ್‌ಎಲ್‌ಆರ್ ರೈಫಲ್‌ನಲ್ಲೂ ಅನಿಲ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ ಇತ್ತು.

ರೀಲ್ಸ್ ಹೇಳದ ಮಾತು ಇನ್ನೊಂದಿದೆ. ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುತ್ತವೆ. ಯಂತ್ರ ಸಿಕ್ಕಿಕೊಂಡರೆ ಅನಿಲವೇ ಕಾರಣ ಎನ್ನಲಾಗದು. ಕಸ, ಸವೆದ ಸ್ಪ್ರಿಂಗ್, ಕೆಟ್ಟ ಮ್ಯಾಗಜಿನ್, ದುರ್ಬಲ ತೋಟಾ ಯಾವುದೂ ಇರಬಹುದು. ಜ್ವರ ಬಂದವರಿಗೆಲ್ಲ ಮಲೇರಿಯಾ ಅಲ್ಲವಲ್ಲ, ಹಾಗೆ. ತರಬೇತಿ ಪಡೆದ ಆರ್ಮರರ್ ಒಂದೊಂದನ್ನೇ ಪರೀಕ್ಷಿಸಿ ಕಾರಣ ಹುಡುಕುತ್ತಾನೆ.

ನಮ್ಮೂರ ಕೋವಿಗೆ ಇದು ಅನ್ವಯಿಸುತ್ತದೆಯೇ?

ಇಲ್ಲ. ಹಳ್ಳಿಗಳಲ್ಲಿ ಲೈಸೆನ್ಸ್ ಇರುವ ಕೋವಿಗಳು ಬಹುಪಾಲು ಒಂಟಿ ಅಥವಾ ಜೋಡಿ ನಳಿಗೆಯವು. ಮಡಚಿ ಕೈಯಲ್ಲೇ ತೋಟಾ ತುಂಬುವ ಇವುಗಳಲ್ಲಿ ಗ್ಯಾಸ್ ವ್ಯವಸ್ಥೆಯೇ ಇಲ್ಲ, ಟ್ಯೂನ್ ಮಾಡಲು ಏನೂ ಇಲ್ಲ. ವೀಡಿಯೊ ನೋಡಿ ಬಾಯಿಗೆ ಕೊಳವೆ ಸಿಕ್ಕಿಸಿದರೆ ಅಪಾಯ ಹೊಡೆಯುವವನಿಗೇ. ಕೊಳವೆ ಕೂದಲೆಳೆಯಷ್ಟು ಓರೆಯಾದರೂ ಗುಂಡು ಅಥವಾ ಚೆರ್ರೆ ಅದಕ್ಕೇ ಬಡಿದು ಲೋಹದ ಚೂರುಗಳು ಸಿಡಿಯುತ್ತವೆ. ನಳಿಗೆ ಒಡೆದರೆ ಕೈ, ಕಣ್ಣು ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಸದ್ದು ಅಥವಾ ಬೆಂಕಿಯ ಹೊಳಪನ್ನು ಕಡಿಮೆ ಮಾಡುವ ಸಾಧನವನ್ನೂ 'ಬಂದೂಕು' ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂದರೆ ಮನೆಯಲ್ಲಿ ಕೋವಿಯೇ ಇಲ್ಲದಿದ್ದರೂ ಲೈಸೆನ್ಸ್ ಇಲ್ಲದ ಸೈಲೆನ್ಸರ್ ಇಟ್ಟುಕೊಳ್ಳುವುದು ಅಪರಾಧ. ಅದೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅಕ್ರಮವಾಗಿ ಬಂದೂಕು ತಯಾರಿಸುವುದಕ್ಕೂ ನಳಿಗೆ ಗಿಡ್ಡ ಮಾಡುವುದಕ್ಕೂ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಜೈಲು. ವ್ಯಾಖ್ಯೆಯೊಳಗೆ ಬರುವುದರಿಂದ ಮನೆಯಲ್ಲೇ ಸೈಲೆನ್ಸರ್ ತಯಾರಿಸಿದವರ ಮೇಲೂ ಇದೇ ತೂಗುಗತ್ತಿ.

ಇನ್ನು ಆನೆ, ಹುಲಿ, ಚಿರತೆಯನ್ನು ಕೊಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 3ರಿಂದ 7 ವರ್ಷ ಜೈಲು. ಬೆಳೆ ಕಾಯಲು ಕೋವಿ ಲೈಸೆನ್ಸ್ ಇದೆ ಎಂಬುದು ಈ ಪ್ರಾಣಿಗಳನ್ನು ಹೊಡೆಯಲು ಅನುಮತಿಯಲ್ಲ.

ಹಾಗಾದರೆ ಏನು ಮಾಡಬೇಕು?

ಚಿರತೆ, ಹುಲಿ, ಆನೆ ಕಂಡರೆ ಅರಣ್ಯ ಇಲಾಖೆಯ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದು ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಲೈಸೆನ್ಸ್ ಇರುವ ಕೋವಿ ಕೆಟ್ಟರೆ ಪರವಾನಗಿ ಪಡೆದ ರಿಪೇರಿಯವರ ಹತ್ತಿರವೇ ಒಯ್ಯಿರಿ.

'ಮನೆಯಲ್ಲೇ ಸೈಲೆನ್ಸರ್ ಮಾಡಿ' ಎಂಬ ವೀಡಿಯೊ ಬಂದರೆ ನಿಮ್ಮ ಫೋನಿನಲ್ಲೇ ನಿಲ್ಲಿಸಿ. ಅದನ್ನು ಮುಂದಕ್ಕೆ ಕಳಿಸಲು ಒಂದು ಸೆಕೆಂಡ್ ಸಾಕು. ಅದನ್ನು ನಂಬಿ ಪ್ರಯತ್ನಿಸಿದ ಹುಡುಗನೊಬ್ಬ ಕಳೆದುಕೊಳ್ಳುವುದು ಕಣ್ಣಾಗಬಹುದು, ಕೈಯಾಗಬಹುದು, ಬದುಕಿನ ಏಳು ವರ್ಷಗಳೂ ಆಗಬಹುದು.